ದೇವರ ಕಪಾಟಿನ ಥರ್ಮೋಸ್ಟಾಟ್

ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ಮನುಷ್ಯನನ್ನು ಅಳುವಂತೆ ಮಾಡುವ ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹೋದ ವಾರ, ಮನೆ ಬೆಚ್ಚಗಿಡುವ ನಮ್ಮ ಬಾಯ್ಲರಿಗೆ ವೈರ್‌ಲೆಸ್ ಥರ್ಮೋಸ್ಟಾಟ್ ಹಾಕಲು ಬಂದವನು ಡಬ್ಬ ಒಡೆದು, ಅಂಗೈಯಗಲದ ಬಿಳಿಯ ಯಂತ್ರವನ್ನು ನನ್ನ ಕೈಗಿಟ್ಟು, "ಎಲ್ಲಿ ಬೇಕಾದರೂ ಇಡಿ, ಇದಕ್ಕೆ ತಂತಿ ಇಲ್ಲ" ಎಂದ. ಆ ವಾಸನೆ, ಆ ಮಾತು... ಹಜಾರದ ನಡುವೆ ನಿಂತೇಬಿಟ್ಟೆ. ಗ್ಯಾಸ್ ಸೋರುವ ಬಗ್ಗೆ ನನಗೆ ಹೊಸ ಚಿಂತೆ ಶುರುವಾಗಿದೆ ಎಂದುಕೊಂಡ ಹೆಂಡತಿ ಕಿಟಕಿ ತೆರೆದಳು. ಆದರೆ ನನಗೆ ನೆನಪಾಗಿದ್ದು ಪಕ್ಕದ ಮನೆಯ ಅಮ್ಮ.

ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಕುಂದಾಪುರದ ಕಡೆಯವರು. ಅವರ ಯಜಮಾನರು ಇಲ್ಲಿಯ ಹೋಟೆಲೊಂದರ ದೋಸೆ ಕಾವಲಿಯ ಮುಂದೆ ಆಯಸ್ಸು ಕಳೆದವರು. ಮಕ್ಕಳಿರಲಿಲ್ಲ. ನಾನು ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸು ಓಡಿಬರುವುದನ್ನು ನೋಡಲು ಅಮ್ಮ ಕಿಟಕಿಯಲ್ಲಿ ಕಾಯುತ್ತಿದ್ದರು.

"ಹ್ವಾಯ್, ನಿಮ್ಮ ತಲೆಬಿಸಿಗೊಂದ್ ಪೈಪ್ ಹಾಕ್ರೆ ನಮ್ಮೆರಡೂ ಮನಿಗೆ ಹೀಟಿಂಗೇ ಬ್ಯಾಡ ಕಾಣಿ!" ಎಂದು ಬೇಲಿಯಾಚೆಯಿಂದ ಕೂಗುವರು. ನಾನು ಹಲ್ಲು ಕಿರಿದು ಒಳಗೆ ಹೋಗಿ ಒಲೆ ನೋಡುವೆ. ಅದು ಪ್ರತಿ ಸಲವೂ ಆರಿಯೇ ಇರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಯಜಮಾನರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ಹೆಚ್ಚು ದಿನವಿಲ್ಲ ಎಂದು ಮೃದುವಾಗಿ ಹೇಳಿದ್ದರು. ಯಜಮಾನರದು ಒಂದೇ ಆಸೆ: ಮನೆಗೆ ಹೋಗಬೇಕು, ತನ್ನ ಮಂಚದ ಮೇಲೆ ಸಾಯಬೇಕು. ಅದಕ್ಕೆ ಆಸ್ಪತ್ರೆಯವರ ಅಡ್ಡಿಯೇನೂ ಇರಲಿಲ್ಲ, ಮನೆ ಬೆಚ್ಚಗಿರಬೇಕು ಅಷ್ಟೆ. ತಣ್ಣನೆಯ ಗಾಳಿಯನ್ನು ಆ ಎದೆ ಒಂದು ದಿನವೂ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಶುಕ್ರವಾರ ನರ್ಸ್ ಬಂದು ಮನೆ ನೋಡಿ ಸರಿ ಎಂದರೆ ಮರುದಿನವೇ ಕರೆತರಬಹುದಿತ್ತು. ಆದರೆ ಗೋಡೆಯ ಹಳೆಯ ಥರ್ಮೋಸ್ಟಾಟ್ ಕೆಟ್ಟು, ಬಾಯ್ಲರ್ ನಲ್ಲಿಗೆ ಬಿಸಿನೀರು ಕೊಡುತ್ತಿತ್ತೇ ಹೊರತು ಕೋಣೆ ಬಿಸಿ ಮಾಡುವ ರೇಡಿಯೇಟರುಗಳು ಕಲ್ಲಿನಂತೆ ತಣ್ಣಗಿದ್ದವು.

ಗುರುವಾರ ಬೆಳಿಗ್ಗೆ ಬಂದ ಮೆಕ್ಯಾನಿಕ್ ಹಳೆಯದನ್ನು ಕಿತ್ತು ಬಾಯ್ಲರಿನ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ. ಅದರ ಜೊತೆಯ, ಈಗ ನಮಗೆ ಬಂದಂಥದೇ ಬಿಳಿಯ ಯಂತ್ರ ತಾನಿರುವ ಜಾಗದ ಬಿಸಿ ಅಳೆದು, ಸಾಲದಿದ್ದರೆ ಆ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಬಾಯ್ಲರನ್ನು ಎಬ್ಬಿಸುತ್ತದೆ. ನಾನು ದುಭಾಷಿ. ಯಾವ ಹೊತ್ತಿಗೆ ಎಷ್ಟು ಬಿಸಿ ಬೇಕೆಂದು ಕೇಳಿದರೆ ಅಮ್ಮ ಯಜಮಾನರ ದಿನಚರಿಯನ್ನೇ ಹೇಳತೊಡಗಿದರು. "ಇವ್ರ್ ಬೆಳಿಗ್ಗೆ ಬೇಗ ಏಳ್ತ್ರ್. ಮಿಂದ್ ಬಪ್ಪತಿಗೆ ಬೆಚ್ಚಗಿರ್ಕ್. ಮಧ್ಯಾಹ್ನ ಒಂಚೂರ್ ಒರಗ್ತ್ರ್..." ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದ ಮನುಷ್ಯನ ಸ್ನಾನ, ನಿದ್ದೆ, ಸಂಜೆಯ ಕಾಫಿಯನ್ನೆಲ್ಲ ನಾನು ಗುಂಡಿ ಒತ್ತಿ ಒತ್ತಿ ಯಂತ್ರದೊಳಗೆ ಇಳಿಸಿದೆ.

"ಇದನ್ನ ಎಲ್ಲಿಡ್ಕಂಬ್ರ್?"

"ಎಲ್ಲಿ ಬೇಕಾದರೂ ಇಡಬಹುದಂತೆ, ಅಮ್ಮ. ರೇಡಿಯೇಟರ್ ಹತ್ತಿರ ಬೇಡ, ಬಿಸಿಲಲ್ಲಿ ಬೇಡ."

"ಈ ಊರಂಗೆ ಬಿಸ್ಲ್ ಎಲ್ಲಿತ್ತ್ ಮಾರಾಯ್ರೆ!"

ಮೂವರೂ ನಕ್ಕೆವು. ಮೆಕ್ಯಾನಿಕ್‌ಗೆ ಏನೂ ಅರ್ಥವಾಗದಿದ್ದರೂ ನಕ್ಕ. ನಾನು ಕೆಲಸಕ್ಕೆ ಹೋದೆ.

ಅವರ ಅಡುಗೆಮನೆಯ ಕಪಾಟೇ ದೇವರಮನೆ. ಯಜಮಾನರು ಆಸ್ಪತ್ರೆ ಸೇರಿದ ದಿನ ಅಮ್ಮ ಅಲ್ಲಿ ನಂದಾದೀಪ ಹಚ್ಚಿ, ಅವರು ಹೊಸ್ತಿಲು ದಾಟಿ ಒಳಗೆ ಬರುವವರೆಗೆ ಅದನ್ನು ಆರಲು ಬಿಡುವುದಿಲ್ಲವೆಂದು ಹರಕೆ ಹೊತ್ತಿದ್ದರು. ಆ ದೀಪ ನನ್ನ ನಿದ್ದೆ ಕೆಡಿಸಿತ್ತು. ಮರದ ಕಪಾಟು, ಎಣ್ಣೆ, ಬೆಂಕಿ, ಅದರಾಚೆಗೆ ನಮ್ಮ ಗೋಡೆ! ದೀಪದ ಕೆಳಗೆ ಸ್ಟೀಲ್ ತಟ್ಟೆ ಇಡಿಸಿದೆ, ಬೆಂಕಿ ನಂದಿಸುವ ಕಂಬಳಿ ತಂದುಕೊಟ್ಟೆ, ಹೊಗೆಯ ಅಲಾರಂ ಒತ್ತಿ ನೋಡಿದೆ. ಒಂದು ದೀಪದ ಬಗ್ಗೆ ಮಾಡಬಹುದಾದ ಚಿಂತೆಗಳನ್ನೆಲ್ಲ ಮಾಡಿದ್ದೆ, ಒಂದನ್ನು ಬಿಟ್ಟು.

ಶುಕ್ರವಾರ ನಾನು ದುಡಿಯುವ ಪಾರ್ಕ್ ರಾಯಲಿನ ಗೋದಾಮಿನಿಂದ ನಾನು ಮರಳುವಷ್ಟರಲ್ಲಿ ನರ್ಸ್ ಬಂದು ಹೋಗಿದ್ದಳು. ಅಮ್ಮ ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು.

"ಮನಿ ಬೆಚ್ಚಗೇ ಆಯ್ಲಿಲ್ಲ. ಅವ್ಳ್ ಪಾಪ, ನನ್ನ ಕೈ ಹಿಡ್ಕಂಡ್ ಸೋಮವಾರ ಮತ್ತ್ ಬತ್ತೆ ಅಂದ್ಲ್. ಅಲ್ಲಿವರೆಗೆ ಕಳ್ಸ್ತಿಲ್ಲಂಬ್ರ್." ಶಾಲು ಬಿಗಿದುಕೊಂಡು, "ಸೋಮವಾರದ ವರೆಗೆ ಇವ್ರ್..." ಎಂದರು.

ಒಳಗೆ ನಮ್ಮ ಗೋದಾಮಿನ ಶೀತಲ ಕೋಣೆಯಷ್ಟೇ ಚಳಿ. ನಾನು ಬಾಯ್ಲರಿನ ಒತ್ತಡ ನೋಡಿದೆ, ಫ್ಯೂಸ್ ನೋಡಿದೆ, ಒಂದೊಂದು ರೇಡಿಯೇಟರಿನ ಮುಂದೆಯೂ ಮಂಡಿಯೂರಿ ಅದರ ತಿರುಪು ತಿರುಗಿಸಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ಯಂತ್ರ ಎಲ್ಲಿದೆ ಎಂದು ಕೇಳಿದೆ. ಅಮ್ಮ ದೇವರ ಕಪಾಟು ತೆರೆದರು.

ಹೊಸ ವಸ್ತು ಏನು ಬಂದರೂ ಮೊದಲು ಅಲ್ಲಿಗೇ ಹೋಗಬೇಕು. ಅವರ ಪ್ರೆಶರ್ ಕುಕ್ಕರಿಗೂ ಕುಂಕುಮ ಆಗಿತ್ತು. ಗಣಪತಿಗೂ ತೆಂಗಿನಕಾಯಿಗೂ ನಡುವೆ, ಹಣೆಗೆ ಕುಂಕುಮವಿಟ್ಟುಕೊಂಡು ಬಿಳಿಯ ಯಂತ್ರ ಕೂತಿತ್ತು. ಪಕ್ಕದಲ್ಲೇ, ಗೇಣಿನಷ್ಟೂ ಅಂತರವಿಲ್ಲದೆ, ನಂದಾದೀಪ. ಪರದೆಯ ಮೇಲೆ ಇಪ್ಪತ್ತೇಳು ಡಿಗ್ರಿ. ಮುಚ್ಚಿದ ಆ ಕಪಾಟಿನಲ್ಲಿ ಯಂತ್ರದ ಪಾಲಿಗೆ ಕಡು ಬೇಸಿಗೆ. ಬಾಯ್ಲರನ್ನು ಯಾಕೆ ಎಬ್ಬಿಸೀತು? ಕಪಾಟಿನ ಹೊರಗೆ ನಮ್ಮಿಬ್ಬರ ಉಸಿರು ಹೊಗೆಯಾಗಿ ಏಳುತ್ತಿತ್ತು.

"ಎಂತಾಯ್ತ್? ದೇವ್ರ್ ಹತ್ರ ಇದ್ರೆ ಒಳ್ಳೇದಲ್ದಾ? ಒಂದ್ ಸರ್ತಿ ಇಟ್ಟದ್ದನ್ನ, ಇವ್ರ್ ಬಪ್ಪುವರೆಗೆ ತೆಗೂದ್ ಬ್ಯಾಡ ಅಂದೇಳಿ ಬಿಟ್ಟೆ."

ಗಂಡ ಮನೆಗೆ ಬರಲೆಂದು ಹಚ್ಚಿದ ದೀಪವೇ ಮನೆಯನ್ನು ತಣ್ಣಗಿಟ್ಟಿತ್ತು. ಇದನ್ನು ಒಬ್ಬ ಹೆಂಗಸಿಗೆ ಯಾವ ಭಾಷೆಯಲ್ಲಿ ಹೇಳಬೇಕು? ನಾನು ಯಂತ್ರ ತೆಗೆದು, ಬೆನ್ನಿನ ಮುಚ್ಚಳ ಬಿಚ್ಚಿ ಮತ್ತೆ ಹಾಕಿದೆ. "ಬ್ಯಾಟರಿ ಸಡಿಲ ಆಗಿತ್ತು, ಅಮ್ಮ. ಇಲ್ಲಿ ಸಿಗ್ನಲ್ಲೂ ಸಾಲದು. ಯಜಮಾನರ ಮಂಚದ ಹತ್ತಿರ ಇಡೋಣ."

ಅಮ್ಮ ದೀಪ ನೋಡಿದರು, ನನ್ನ ಮುಖ ನೋಡಿದರು. "ಹೌದಾ," ಎಂದರು, ಅಷ್ಟೆ.

ಯಂತ್ರಕ್ಕೆ ಚಳಿ ತಾಗಿದ್ದೇ ತಡ, ಬಾಯ್ಲರ್ ಗುಂಯ್ ಎಂದಿತು. ಊಟದ ಹೊತ್ತಿಗೆ ಅಮ್ಮ ಕೋಟು ಕಳಚಿದ್ದರು. ಆದರೆ ವಾರಾಂತ್ಯ, ನರ್ಸ್ ಮತ್ತೆ ಬರುವುದು ಸೋಮವಾರವೇ.

ಭಾನುವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಮನೆ ಎಷ್ಟು ಬೆಚ್ಚಗಿತ್ತೆಂದರೆ, ಆ ಸುದ್ದಿ ಕೇಳುವಾಗ ನಾನು ಬೆವರುತ್ತಿದ್ದೆ.

ಸುಡಲು ಒಯ್ಯುವ ಮುನ್ನ ಯಜಮಾನರನ್ನು ಒಮ್ಮೆ ಮನೆಗೆ ತಂದರು. ದೇಹ ಕೆಡದಿರಲು ಹೀಟಿಂಗ್ ಪೂರ್ತಿ ಆರಿಸಿಡಿ ಎಂದು ಅಂತ್ಯಕ್ರಿಯೆಯವರು ಮೊದಲೇ ಹೇಳಿದ್ದರು, ಆರಿಸಿದವನು ನಾನೇ. ಶವಪೆಟ್ಟಿಗೆ ಹೊಸ್ತಿಲು ದಾಟಿತು. ಅಮ್ಮ ಅಡುಗೆಮನೆಗೆ ಹೋದರು, ದೀಪ ಆರಿಸಿ ಬಂದರು. ಹರಕೆಯಂತೆ.

ಹದಿಮೂರನೆಯ ದಿನ ಪಾಯಸ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತು, ಬೇರೆಯವರಿಗೆ ಕೇಳಿಸದಂತೆ, "ಬ್ಯಾಟ್ರಿ ಸಡ್ಲ ಇದ್ದಿತ್ತಾ?" ಎಂದರು.

"ಹೌದಮ್ಮ."

ಇನ್ನೊಂದು ಸೌಟು ಪಾಯಸ ಬಡಿಸಿದರು. "ಹ್ಞಾಂ. ಯಾರ್ ಕೇಂಡ್ರೂ ಹಾಂಗೇ ಹೇಳಿ. ನಾ ಕೇಂಡ್ರೂ ಹಾಂಗೇ ಹೇಳಿ."

ಅವರು ಕೇಳುತ್ತಿದ್ದರು. ಆಮೇಲಿನ ಪ್ರತಿ ಚಳಿಗಾಲವೂ, ಒಮ್ಮೆ ಬೇಲಿಯ ಬಳಿ, ಒಮ್ಮೆ ಕೊತ್ತಂಬರಿ ಕೊಡಲು ಬಂದಾಗ, ಮಾತಿನ ನಡುವೆ ಥಟ್ಟನೆ. ನಾನು ಹಾಗೆಯೇ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಬೇರೆ ವಿಷಯಕ್ಕೆ ಹೋಗುತ್ತಿದ್ದರು...

ಅವರೂ ಹೋಗಿ ಎರಡು ವರ್ಷವಾಯಿತು. ಆ ಮನೆಯಲ್ಲೀಗ ಬೇರೆ ಯಾರೋ ಇದ್ದಾರೆ, ಒಳ್ಳೆಯವರು, ಕೈ ಬೀಸುತ್ತಾರೆ. ಈ ವರ್ಷದ ಚಳಿ ಆಗಲೇ ಶುರುವಾಗಿದೆ. ನನ್ನ ಉತ್ತರ ಸಿದ್ಧವಾಗಿಯೇ ಇದೆ. ಕೇಳುವವರು ಇಲ್ಲ.