ಬಿಸಿಲಿಗಿಟ್ಟ ಸೆಲ್ಲು

ಬ್ಯಾಟರಿಯ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೇಳಿಕೊಳ್ಳಲು ನನಗೆ ಈಚೆಗೆ ಸಂಕೋಚ. ಕೇಳಿದವರು ಮರುಕ್ಷಣವೇ ಅದರಿಂದ ಏನು ಉಪಯೋಗ ಎನ್ನುತ್ತಾರೆ. ಅದು ನನಗೂ ಸರಿಯಾಗಿ ತಿಳಿಯದು.

ನನ್ನ ಮಾರ್ಗದರ್ಶಕರು ಕೇಳಿದ್ದೂ ಅದನ್ನೇ. “ನಮ್ಮ ಊರಿಗೆ ಎಂತ ಪ್ರಯೋಜನ? ಸೋಮವಾರ ಹೇಳಿ. ಇಲ್ಲದಿದ್ದರೆ ಬೇರೆ ವಿಷಯ ನೋಡುವ.”

ಜೆಪ್ಪುವಿನಲ್ಲಿ ಹೋಟೆಲು ನಡೆಸುವ ಮಾವನನ್ನು ವಿಚಾರಿಸಿದೆ.

“ಕರೆಂಟು ಹೋದಾಗ ನಿನ್ನ ಬ್ಯಾಟರಿಯಲ್ಲಿ ಗ್ರೈಂಡರ್ ತಿರುಗ್ತದಾ?”

“ಇಲ್ಲ ಮಾವ.”

“ಫ್ರಿಜ್ಜು?”

“ಅದೂ ಇಲ್ಲ.”

“ಮತ್ತೆ ಎಂತ ಉಂಟು ಮಾರಾಯ್ತಿ ಅದರಲ್ಲಿ?”

ನಾನು ಕಾಫಿ ಕುಡಿದು ಮಣ್ಣಗುಡ್ಡೆಯ ನಮ್ಮ ಮನೆಗೆ ಮರಳಿದೆ.

ನಮ್ಮ ಬೀದಿಯಲ್ಲಿ ಬಿಸಿಲು ಬಂತೆಂದರೆ ಕಾಂಪೌಂಡ್ ಗೋಡೆಗಳ ಮೇಲೆ ಟಾರ್ಚಿನ, ಟ್ರಾನ್ಸಿಸ್ಟರಿನ ಸೆಲ್ಲುಗಳು ಮೈ ಕಾಯಿಸುತ್ತವೆ. ನನ್ನ ಅಜ್ಜಿಯವು ಹಲಸಿನ ಹಪ್ಪಳ ಒಣಗಿಸುವ ಚಾಪೆಯಲ್ಲೇ. ಬಿಸಿಲು ಸೆಲ್ಲನ್ನು ತುಂಬುವುದಿಲ್ಲ, ಒಳಗೆ ಜಡವಾಗಿ ಉಳಿದದ್ದನ್ನು ಸ್ವಲ್ಪ ಚುರುಕಾಗಿಸುತ್ತದೆ, ಅಷ್ಟೇ. ಇದನ್ನು ಅಜ್ಜಿಗೆ ಬಹಳ ಶಾಸ್ತ್ರೀಯವಾಗಿ ವಿವರಿಸಿದ್ದೆ. “ವಾರ್ತೆ ಮುಗಿಯುವವರೆಗೆ ಬಂದರೆ ಸಾಕು ಮಗಾ” ಎಂದು ಅವರು ಹಪ್ಪಳ ಮಗುಚಿದರು.

ಸುಮ್ಮನೆ ಬಿದ್ದಿರುವ ಸೆಲ್ಲು ತನ್ನಷ್ಟಕ್ಕೆ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ನನ್ನ ಅಧ್ಯಯನ. ಅದಕ್ಕಾಗಿಯೇ ಒಂದು ಸೆಲ್ಲನ್ನು ಮನೆಗೆ ತಂದು ಕಪಾಟಿನ ತಂಪಿನಲ್ಲಿ ಮಲಗಿಸಿದ್ದೆ. ಭಾನುವಾರ ನೋಡಿದರೆ ಅದು ಚಾಪೆಯ ಮೇಲೆ, ಹಪ್ಪಳಗಳ ನಡುವೆ, ಮುಟ್ಟಲಾರದಷ್ಟು ಬಿಸಿಯಾಗಿ ಕುಳಿತಿತ್ತು.

“ಪಾಪ, ಒಳಗೆ ತಣ್ಣಗೆ ಬಿದ್ದಿತ್ತು” ಎಂದರು ಅಜ್ಜಿ. “ನಿನಗೇ ಉಪಕಾರ ಆಗಲಿ ಅಂತ ಇಟ್ಟದ್ದು.”

ಇನ್ನು ಆ ಸೆಲ್ಲಿನ ಅಳತೆ ಯಾವ ಲೆಕ್ಕಕ್ಕೂ ಬಾರದು.

ಸೋಮವಾರ ಪ್ರಯೋಗವೂ ಇಲ್ಲದೆ, ಉತ್ತರವೂ ಇಲ್ಲದೆ ಸರ್ ಎದುರು ನಿಂತೆ. ಸಿದ್ಧಪಡಿಸಿದ್ದ ಗಂಭೀರ ವಾಕ್ಯಗಳೆಲ್ಲ ಮರೆತುಹೋಗಿ, ಗೋಡೆ, ಹಪ್ಪಳ, ಅಜ್ಜಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. ನನ್ನ ವಿಷಯ ಮುಗಿಯಿತು ಎಂದುಕೊಂಡೆ.

“ನಮ್ಮ ಮನೆಯಲ್ಲಿಯೂ ಬಿಸಿಲಿಗೆ ಇಡ್ತಾರೆ” ಎಂದರು ಮೆಲ್ಲಗೆ. “ನಿಜವಾಗಿ ಏನಾದರೂ ಬರ್ತದಾ?”

“ಸ್ವಲ್ಪ ಬರ್ತದೆ ಸರ್. ಆದರೆ ಬೇಗ ಹಾಳಾಗ್ತದೆ.”

“ಹಾಗಾದರೆ ಅದನ್ನೇ ಸರಿಯಾಗಿ ನೋಡಿ. ಈ ಊರಿನ ಸೆಕೆಯಲ್ಲಿ ಎಷ್ಟು ದಿನ ಬಾಳ್ತದೆ ಅಂತ.”

ವಿಷಯ ಉಳಿಯಿತು. ಊರಿನ ಪ್ರಯೋಜನಕ್ಕೋ ಸರ್ ಮನೆಯ ಟ್ರಾನ್ಸಿಸ್ಟರಿಗೋ, ನನಗಿನ್ನೂ ಸ್ಪಷ್ಟವಿಲ್ಲ.

ಈಗ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಅಜ್ಜಿ ನನ್ನ ಕಪಾಟು ಮುಟ್ಟುವುದಿಲ್ಲ. ಬದಲಿಗೆ ಕಾಲೇಜಿಗೆ ಹೊರಡುವ ಮೊದಲು ಅವರ ಸೆಲ್ಲುಗಳನ್ನು ಬಿಸಿಲಿಗೆ ಇಡುವುದು ನನ್ನ ಕೆಲಸ. ಇಡುತ್ತೇನೆ, ಚೆನ್ನಾಗಿ ಕಾಯಲಿ ಎಂದು ಒಮ್ಮೆ ಮಗುಚಿಯೂ ಹೋಗುತ್ತೇನೆ.