ಒಂದು ಕಣ್ಣಿನ ಅಳತೆ

ಸವಣೂರಿನಲ್ಲಿ ಎಲೆಬಳ್ಳಿ ತೋಟ ಮಾಡಿಕೊಂಡಿದ್ದ ನಮ್ಮಪ್ಪ ದೂರವನ್ನು ಮೈಲಿನಲ್ಲಿ ಹೇಳಿದವನಲ್ಲ. ಪೇಟೆ ಒಂದು ಎಲೆ ಜಗಿಯುವಷ್ಟು ದೂರ, ಬಸ್‌ಸ್ಟ್ಯಾಂಡು ಎರಡು ಎಲೆ. ಹೀಗಾಗಿ ಏಳನೆಯ ಇಯತ್ತೆಗೇ ಸಾಲಿ ಬಿಟ್ಟ ನನಗೂ ಬೆಳಕಿನ ವರ್ಷ ಎಂಬ ಮಾತು ಸಲೀಸಾಗಿ ತಿಳಿಯಿತು. ಬೆಳಕು ಒಂದು ವರ್ಷ ನಡೆದರೆ ಎಷ್ಟು ದೂರ ಹೋದೀತೋ ಅಷ್ಟು. ಓದಿದವರೂ ಅಪ್ಪನ ಹಾಗೆಯೇ, ದೂರ ಕೈಮೀರಿದಾಗ ಹೊತ್ತು ಹೇಳುತ್ತಾರೆ.

ನನಗೆ ತಿಳಿಯದೆ ಹೋದದ್ದು ಅಕ್ಕಿಆಲೂರಿನ ದೂರ. ಹಾನಗಲ್ಲಿನಲ್ಲಿ ಒಂದು ಬಸ್ಸು ಬದಲಿಸಿದರೆ ಮುಗಿಯಿತು, ಅಲ್ಲಿ ನನ್ನ ಅಕ್ಕ ಇದ್ದಾಳೆ. ಹೋದ ವರ್ಷ ಅವಳ ಎಡಗಣ್ಣು ಮಂಜಾಯಿತು. "ಒಳಗ ಒತ್ತಡ ಏರೇತಿ, ತಡಾ ಮಾಡ್ದ ಹುಬ್ಬಳ್ಳಿಗೆ ಕರ್ಕೊಂಡ ಹೋಗ್ರಿ" ಎಂದರು ಡಾಕ್ಟರು. ಭಾವ ತೀರಿಕೊಂಡಿದ್ದರಿಂದ ಕರೆದೊಯ್ಯಬೇಕಾದವನು ನಾನು. "ಇಲ್ಲೇ ಅದೇನಿ ಅಕ್ಕಾ, ಎಲಿ ಕೊಯ್ಯೂದು ಮುಗೀಲಿ, ಬರ್ತೇನಿ" ಎಂದೆ ಫೋನಿನಲ್ಲಿ. ಎಲೆ ಕೊಯ್ಯುವುದು ಎಂದೂ ಮುಗಿಯುವುದಿಲ್ಲ. ಈ ಸಾಲು ಕೊಯ್ದು ಮುಗಿಸುವಷ್ಟರಲ್ಲಿ ಆಚೆ ಸಾಲು ಚಿಗುರಿರುತ್ತದೆ. ಅದೇ ತೋಟದಲ್ಲಿ ಬೆಳೆದ ಅಕ್ಕನಿಗೆ ಇದು ಗೊತ್ತಿಲ್ಲವೇ? ಆದರೂ "ಆತಪಾ" ಎಂದಳು. ನಾನು ಹೋಗುವಷ್ಟರಲ್ಲಿ ಆ ಕಣ್ಣು ಹೋಗಿತ್ತು.

ಮೊನ್ನೆ ಹೋದಾಗ ಅವಳ ಮಗಳು ಸುಮಾ, ಹಾನಗಲ್ಲಿನ ಕಾಲೇಜಿನಲ್ಲಿ ಓದುವವಳು, ಆಕಾಶದ ಚುಕ್ಕಿಗಳ ದೂರ ಅಳೆಯುವ ಬಗೆ ತೋರಿಸಿದಳು. ಹೆಬ್ಬೆರಳನ್ನು ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಬೇಕು. ಬೆರಳು ಗೋಡೆಯ ಮೇಲೆ ಜಿಗಿದಂತೆ ಕಾಣುತ್ತದೆ. ಹತ್ತಿರವಿದ್ದರೆ ಹೆಚ್ಚು ಜಿಗಿತ, ದೂರವಿದ್ದರೆ ಕಡಿಮೆ. ಆ ಜಿಗಿತದಿಂದಲೇ ಲೆಕ್ಕ.

"ನಂದು ಜಿಗಿಯವಲ್ದು" ಎಂದಳು ಅಕ್ಕ, ಬೆರಳು ಹಿಡಿದುಕೊಂಡೇ.

"ಭೂಮಿಗೂ ಒಂದ ಕಣ್ಣು ಅಂತ ತಿಳ್ಕೋ ಅವ್ವಾ" ಎಂದಳು ಸುಮಾ. "ಈಗ ಒಮ್ಮೆ ನೋಡ್ತದ, ಆರು ತಿಂಗಳಿಗೆ ಸೂರ್ಯನ ಆಚಿ ಕಡೆ ಹೋಗಿ ಇನ್ನೊಮ್ಮೆ ನೋಡ್ತದ."

"ಹಂಗಾರ ನಾನೂ ಅದನ್ನ ಮಾಡಾಕತ್ತೇನಲ್ಲ" ಎಂದಳು ಅಕ್ಕ.

ನಿಜ. ಕಣ್ಣು ಹೋದ ಹೊಸತರಲ್ಲಿ ಅವಳು ಬಗ್ಗಿಸಿದ ಚಹಾ ಕಪ್ಪಿನ ಆಚೆ ಬೀಳುತ್ತಿತ್ತಂತೆ. ಈಗ ಬಗ್ಗಿಸುವ ಮೊದಲು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ಕಪ್ಪು ಎಲ್ಲಿದೆಯೆಂದು ಗುರುತು ಹಿಡಿಯುತ್ತಾಳೆ. ಯಾರೂ ಕಲಿಸಿದ್ದಲ್ಲ.

"ಎಲ್ಲಿ ಕುಂತಿಯೋ?"

"ಇಲ್ಲೇ ಅದೇನಿ, ಅಕ್ಕಾ."

ನಾನು ಅವಳ ಎಡಗಡೆ, ಕಾಣದ ಕಣ್ಣಿನ ಕಡೆ ಕೂತಿದ್ದೆ. ಈಚೆಗೆ ಯಾವಾಗ ಹೋದರೂ ಅಲ್ಲೇ ಕೂರುತ್ತೇನೆ.

"ಇಲ್ಲೇ ಅದೇನಿ ಅನ್ನೂದನ್ನ ಹೋದ ವರ್ಷನೂ ಕೇಳೇನಿ. ಬಲಕ್ಕ ಬಾ."

ಹೋದೆ. ಕಪ್ಪನ್ನು ನೋಡಿದ ಹಾಗೆಯೇ ತಲೆ ವಾಲಿಸಿ ವಾಲಿಸಿ ನನ್ನನ್ನು ನೋಡಿದಳು. ದೂರ ಎಷ್ಟು ಬಂತೋ ಹೇಳಲಿಲ್ಲ. ಚಹಾ ಚಾಚಿದಳು. ಕಪ್ಪು ನನ್ನ ಕೈಗೆ ಇನ್ನೂ ಒಂದು ಗೇಣು ಇರುವಾಗಲೇ ನಿಂತಿತು. ಅವಳ ಅಳತೆ ತಪ್ಪಿತೆಂದು ನಾನು ಹೇಳಲಾರೆ. ಉಳಿದ ಗೇಣು ನಾನು ಹೋಗಬೇಕಾದದ್ದು.