ಕಚ್ಚಿದ ನಾಯಿಯ ಕ್ಷೇಮಸಮಾಚಾರ

ಬೆಳಿಗ್ಗೆ ಎದ್ದ ಕೂಡಲೇ ದೇವರ ಪಟ ನೋಡುವವರಿದ್ದಾರೆ, ಅಂಗೈ ನೋಡಿಕೊಳ್ಳುವವರಿದ್ದಾರೆ, ಈಗೀಗ ಮೊಬೈಲು ನೋಡುವವರೇ ಹೆಚ್ಚು. ನಾನು ಮಾತ್ರ ಈಚೆಗೆ ಕೆಲವು ದಿನ ಒಂದು ನಾಯಿಯ ಮುಖ ನೋಡಿಯೇ ದಿನ ಶುರುಮಾಡುತ್ತಿದ್ದೆ. ಪ್ರೀತಿಯಿಂದ ಎಂದು ತಿಳಿಯಬೇಡಿ. ಆ ನಾಯಿ ಚೆನ್ನಾಗಿದ್ದರೆ ನಾನೂ ಚೆನ್ನಾಗಿರುತ್ತೇನೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೇಳಿದ್ದರು.

ನಾಯಿ ಎಂದರೆ ನನಗೆ ಮೊದಲಿನಿಂದಲೂ ಅಧೈರ್ಯ. ಪುಕ್ಕಲ ಎಂದು ನೀವು ಓದಿಕೊಂಡರೂ ಬೇಸರವಿಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಬುದ್ಧನ ಪಟದ ಮುಂದೆ ಪಂಚಶೀಲ ಹೇಳುವ ರೂಢಿ. ಯಾವ ಜೀವಿಯನ್ನೂ ಹಿಂಸಿಸುವುದಿಲ್ಲ ಎಂದು ಕಣ್ಣು ಮುಚ್ಚಿ ಹೇಳಿ, ಆಮೇಲೆ ಕಣ್ಣು ತೆರೆದು ಕಾಲೇಜಿಗೆ ಹೊರಡುವಾಗ ಗೇಟಿನ ಬಳಿ ಒಂದು ಕಲ್ಲು ಎತ್ತಿ ಜೇಬಿಗೆ ಹಾಕಿಕೊಳ್ಳುವವನು ನಾನು. ಒಮ್ಮೆಯೂ ಎಸೆದದ್ದಿಲ್ಲ. ಎಸೆದು ಗುರಿ ತಪ್ಪಿದರೆ ನಾಯಿಗೆ ಸಿಟ್ಟು ಬಂದೀತೆಂಬ ಭಯ. ನನ್ನ ಅಹಿಂಸೆಯಲ್ಲಿ ಧರ್ಮ ಅರ್ಧ, ಪುಕ್ಕಲುತನ ಅರ್ಧ ಎಂದು ಹೆಂಡತಿ ಸುಜಾತ ಹೇಳುತ್ತಾಳೆ. ಅರ್ಧವನ್ನಾದರೂ ಧರ್ಮಕ್ಕೆ ಬಿಟ್ಟಳಲ್ಲ ಎಂದು ನಾನು ಸುಮ್ಮನಿರುತ್ತೇನೆ.

ಅರಸೀಕೆರೆಯಲ್ಲಿ ನಮ್ಮ ಮನೆಯ ಪಕ್ಕಕ್ಕೆ ಒಂದು ಖಾಲಿ ಸೈಟು, ಅದರ ಆಚೆಗೆ ರುದ್ರಣ್ಣನ ಮನೆ. ರುದ್ರಣ್ಣನದು ಲಗೇಜ್ ಆಟೋ. ತೋಟಗಳಿಂದ ಕಾಯಿ, ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವುದು ಅವನ ಕೆಲಸ. ಬರುವಾಗ ತೆಂಗಿನ ಸಿಪ್ಪೆ ತಂದು ಖಾಲಿ ಸೈಟಿನಲ್ಲಿ ಸುರಿಯುತ್ತಾನೆ. ಬೀದಿಯ ಯಾರು ಬೇಕಾದರೂ ಸ್ನಾನದ ಒಲೆಗೆ ಅದರಿಂದ ನಾಲ್ಕು ಸಿಪ್ಪೆ ಎತ್ತಿಕೊಳ್ಳಬಹುದು. ಮನೆಯ ಮೇಲೆ ಸೋಲಾರ್ ಕೂರಿಸಿದವರು ಕೂಡ ಮೋಡದ ದಿನ ಸಂಕೋಚವಿಲ್ಲದೆ ಅಲ್ಲಿಗೇ ಬರುತ್ತಾರೆ. ಆ ರಾಶಿಯ ಸಂದಿಯಲ್ಲೇ ಒಂದು ಕೆಂಚು ಹೆಣ್ಣು ನಾಯಿಯ ವಾಸ. ಒಂದು ಮನೆಯಲ್ಲಿ ಮುದ್ದೆಯ ತುಂಡು, ಇನ್ನೊಂದರಲ್ಲಿ ಮಿಕ್ಕ ಉಪ್ಪಿಟ್ಟು, ಭಾನುವಾರ ರುದ್ರಣ್ಣನ ಮನೆಯ ಮೂಳೆ. ಒಂದೊಂದು ಮನೆಯಲ್ಲಿ ಒಂದೊಂದು ಹೆಸರು.

ಅವತ್ತು ಮೋಡ. ನಾನೂ ಸಿಪ್ಪೆಗೆ ಹೋದೆ. ಮೇಲಿನದನ್ನು ಬಿಟ್ಟು, ಒಣಗಿದ್ದು ಬೇಕೆಂದು ಅಡಿಯದನ್ನು ಎಳೆದೆ. ಒಳಗೆ ಮರಿಗಳಿದ್ದದ್ದು ನನಗೇನು ಗೊತ್ತು? ಕುಂಯ್ ಎಂಬ ಸದ್ದು ಕಿವಿಗೆ ಬೀಳುವುದಕ್ಕೂ ಹಿಂದಿನಿಂದ ಬಂದ ತಾಯಿ ನನ್ನ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕುವುದಕ್ಕೂ ಸರಿಹೋಯಿತು. ಅದರ ಕಡೆಯಿಂದ ನೋಡಿದರೆ ತಪ್ಪೇನಿಲ್ಲ. ಹಸುಗೂಸು ಮಲಗಿರುವ ಮನೆಯ ಹೆಂಚು ಯಾರಾದರೂ ಕಿತ್ತರೆ ನಾವೂ ಕುರ್ಚಿ ಹಾಕಿ ಕೂರಿಸುವುದಿಲ್ಲವಲ್ಲ.

ನನ್ನ ಕೂಗಿಗೆ ಬೀದಿಯೇ ಸೇರಿತು. ಜೊತೆಗೆ ವೈದ್ಯಶಾಸ್ತ್ರವೂ ಸೇರಿತು. ಒಬ್ಬರು ಖಾರದ ಪುಡಿ ಅದುಮಿ ಎಂದರು, ಒಬ್ಬರು ಸುಣ್ಣ ಎಂದರು. ಸುಜಾತ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ನಲ್ಲಿಯ ಕೆಳಗೆ ಕೂರಿಸಿ, ಸೋಪು ಹಚ್ಚಿ, ಸೋಪು ಸವೆಯುವ ತನಕ ಗಾಯ ತೊಳೆದಳು. ಅಲ್ಲಿಂದ ನೇರ ಆಸ್ಪತ್ರೆ.

"ಇಂಜೆಕ್ಷನ್ ಒಂದೂ ತಪ್ಪಿಸಬೇಡಿ," ಎಂದರು ಡಾಕ್ಟರು. "ಹಾಗೇ ಹತ್ತು ದಿನ ಆ ನಾಯಿ ಮೇಲೆ ಕಣ್ಣಿಟ್ಟಿರಿ. ಅದು ಮಂಕಾದ್ರೆ, ಸತ್ರೆ, ಕಾಣೆಯಾದ್ರೆ ತಕ್ಷಣ ಬಂದು ಹೇಳಬೇಕು. ಆರೋಗ್ಯವಾಗಿದ್ರೆ ನಿಮಗೂ ನಿಶ್ಚಿಂತೆ."

ಅಲ್ಲಿಗೆ ನನ್ನ ಜಾತಕ ನಾಯಿಯ ಕೈಗೆ ಹೋಯಿತು. ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಹೋಗಿ, ದೂರದಿಂದ ಬಿಸ್ಕತ್ತು ಎಸೆದು, ತಿನ್ನುತ್ತದೋ ಇಲ್ಲವೋ ನೋಡುತ್ತಿದ್ದೆ. ತಿಂದರೆ ನನಗೂ ತಿಂಡಿ ರುಚಿಸುತ್ತಿತ್ತು. ಹುಚ್ಚುನಾಯಿಗೆ ನೀರೆಂದರೆ ಆಗದು ಎಂದು ಎಲ್ಲೋ ಓದಿದ್ದೆನಾಗಿ, ಸುಜಾತಳ ಹಳೇ ಬೋಗುಣಿಯಲ್ಲಿ ನೀರಿಟ್ಟು, ಅದು ಲೊಚಲೊಚನೆ ಕುಡಿಯುವ ಸದ್ದು ಕೇಳಿಸಿದ ಮೇಲೆಯೇ ಕಾಲೇಜಿಗೆ ಹೊರಡುತ್ತಿದ್ದೆ. ಒಂದು ದಿನ ಅದು ಸೀನಿತು. ತರಗತಿಯಲ್ಲಿ ಹೊಯ್ಸಳರ ಆಡಳಿತ ಪಾಠ ಮಾಡುತ್ತಿದ್ದವನಿಗೆ ಮಧ್ಯಾಹ್ನದ ತನಕ ಗಂಟಲು ಕೆರೆಯುತ್ತಲೇ ಇತ್ತು.

ಕಣಕಟ್ಟೆಯಿಂದ ದೊಡ್ಡಮ್ಮ ಫೋನು ಮಾಡಿದಳು. ನಾಯಿಯ ವಿಚಾರ ಅವಳಿಗೆ ಬೇಕಿರಲಿಲ್ಲ.

"ಏಳು ಬಾವಿ ಇಣುಕಿ ನೋಡಿದ್ಯೇನ್ಲಾ ಮಗಾ?"

ನಾಯಿ ಕಚ್ಚಿದವರು ಏಳು ಬಾವಿ ಇಣುಕಿದರೆ ವಿಷ ಇಳಿಯುತ್ತದೆ ಎಂಬುದು ಅವಳ ಶಾಸ್ತ್ರ. ಇದಕ್ಕೆ ಮೂಲ ಏನಿರಬಹುದೆಂದು ಇತಿಹಾಸದ ಮೇಷ್ಟರಾಗಿ ನಾನು ತಲೆ ಕೆಡಿಸಿಕೊಂಡೆ. ನೀರು ಕಂಡು ಬೆಚ್ಚದವನಿಗೆ ರೋಗ ಅಂಟಿಲ್ಲ ಎಂಬ ಹಳಬರ ಪರೀಕ್ಷೆ ಹೀಗೆ ಶಾಸ್ತ್ರವಾಗಿರಬಹುದು. ಆದರೆ ಬೆಚ್ಚುವ ಹೊತ್ತಿಗೆ ಯಾವ ಮದ್ದೂ ನಾಟದು ಎಂಬುದು ಅವರಿಗೆ ತಿಳಿಯದು, ಪಾಪ. ಅದಿರಲಿ, ಈಗ ಏಳು ಬಾವಿಗೆ ಎಲ್ಲಿಗೆ ಹೋಗುವುದು? ಇದ್ದವುಗಳಿಗೆ ಕಸ ತುಂಬಿ ಮೇಲೆ ಮನೆ ಕಟ್ಟಿಯಾಗಿದೆ. ಉಳಿದದ್ದು ಬೋರ್‌ವೆಲ್ಲು. ಅದನ್ನು ಇಣುಕಿದರೆ ಕೇಸಿಂಗ್ ಪೈಪು ಕಾಣುತ್ತದೆ, ಅಷ್ಟೇ. "ಇಣುಕಿದೆ ದೊಡ್ಡಮ್ಮ, ಇಂಜೆಕ್ಷನ್ನೂ ಆಯ್ತು," ಎಂದೆ. ಎರಡನೆಯದು ನಿಜ.

ಹೀಗಿರುವಾಗ ಒಂದು ದಿನ ಹೊತ್ತಾಯಿತೆಂದು ನೀರು, ಬಿಸ್ಕತ್ತು ಇಟ್ಟು ಕಾಯದೆ ಹೊರಟುಬಿಟ್ಟೆ. ಮಧ್ಯಾಹ್ನ ಕಾಲೇಜಿನಿಂದ ಬಂದರೆ ಬೋಗುಣಿಯ ನೀರು ಬೆಳಿಗ್ಗೆ ಇಟ್ಟಷ್ಟೇ ಇದೆ. ಬಿಸ್ಕತ್ತಿಗೆ ಇರುವೆ ಮುತ್ತಿವೆ. ನಾಯಿ ಇಲ್ಲ. ರಾಶಿಗೆ ಕಿವಿಗೊಟ್ಟರೆ ಒಳಗೆ ಮರಿಗಳು ಒಂದೇ ಸಮನೆ ಕುಂಯ್‌ಗುಟ್ಟುತ್ತಿವೆ. ಆಟೋ ತೊಳೆಯುತ್ತಿದ್ದ ರುದ್ರಣ್ಣ ನನ್ನನ್ನು ಕಂಡು ಮುಖವರಳಿಸಿದ.

"ಮೇಷ್ಟ್ರೇ, ಇನ್ನು ನೀವು ನೆಮ್ಮದಿಯಾಗಿ ಓಡಾಡ್ಬೋದು. ಆ ನಾಯಿ ಕಾಟ ತಪ್ಪುಸ್ಬುಟ್ಟೆ. ಹಳೇಬೀಡಿಂದಾಚೆ ಹಗರೆಗೆ ಕಾಯಿ ಬಾಡಿಗೆ ಇತ್ತು. ಬೆಳಿಗ್ಗೆ ಮುದ್ದೆ ಆಸೆ ತೋರ್ಸಿ, ಗೋಣಿಚೀಲ ಮುಚ್ಚಿ ಎತ್ತಾಕ್ಕೊಂಡ್ ಹೋಗಿ ಬುಟ್ಟು ಬಂದೆ. ಡೈರಿ ತಾವ್ಲೇ ಬುಟ್ಟಿವ್ನಿ, ಹೊಟ್ಟೆಗೇನೂ ಕಮ್ಮಿ ಆಗಕಿಲ್ಲ."

ನನಗಾಗಿ ಅವನು ಬೆಳಗಿನ ಹೊತ್ತು ವ್ಯರ್ಥ ಮಾಡಿಕೊಂಡಿದ್ದ, ಕೈಗೆ ಪರಚಿಸಿಕೊಂಡೂ ಇದ್ದ. ಉಪಕಾರ ಮಾಡಿದವನಿಗೆ ಏನೆಂದು ಬೈಯುವುದು?

"ರುದ್ರಣ್ಣ, ಆ ನಾಯಿ ಬದುಕಿದೆ ಅಂತ ಗೊತ್ತಿದ್ರೇನೇ ನನಗೆ ಜೀವದ ಧೈರ್ಯ ಕಣಯ್ಯ. ಅದನ್ನ ಕಣ್ಣಿಂದ ಬಿಡಬೇಡಿ ಅಂದಿದ್ದಾರೆ ಡಾಕ್ಟ್ರು."

"ಅಯ್ಯೋ ಶಿವನೇ! ಮೊದ್ಲೇ ಒಂದ್ ಮಾತು ಹೇಳ್ಬಾರ್ದ?"

ಅಷ್ಟರಲ್ಲಿ ಸುಜಾತ ಬಂದು, "ಮರಿ ಇದ್ವಲ್ಲ ರುದ್ರಣ್ಣ, ನೋಡ್ಲಿಲ್ವಾ?" ಎಂದಳು.

"ಮರಿನಾ? ಯಾವ ಮರಿ ತಾಯಿ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾಯಿ ಕಚ್ಚಿದ ಸುದ್ದಿ ಇಡೀ ಬೀದಿಗೆ ಹೇಳಿದ ನಾನು, ಯಾಕೆ ಕಚ್ಚಿತು ಎಂಬುದನ್ನು ಹೇಳಿರಲಿಲ್ಲ. ರುದ್ರಣ್ಣ ಸಿಪ್ಪೆ ಸರಿಸಿ ಬಗ್ಗಿ ನೋಡಿದ. ಇನ್ನೂ ಕಣ್ಣು ಬಿಡದ ಮೂರು ಮರಿ. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

ಸುಜಾತ ಮರಿಗಳನ್ನು ಮನೆಗೆ ತಂದಳು. ಹಾಲು ಬೆಚ್ಚಗೆ ಮಾಡಲು ಹೋಗುವಾಗ, "ಹಿಡ್ಕೊಳ್ರೀ," ಎಂದು ಮೂರನ್ನೂ ನನ್ನ ಮಡಿಲಿಗೆ ಹಾಕಿಬಿಟ್ಟಳು. ಜನ್ಮದಲ್ಲಿ ನಾಯಿ ಮುಟ್ಟದವನು ನಾನು. ಅವು ನನ್ನ ಪ್ಯಾಂಟಿನ ಮಡಿಕೆಗಳಲ್ಲೆಲ್ಲ ಮೂತಿ ತೂರಿಸಿ ತಾಯಿಯನ್ನು ಹುಡುಕಿದವು. ಇಲ್ಲದ್ದನ್ನು ಅಷ್ಟು ನಂಬಿಕೆಯಿಂದ ಹುಡುಕುವುದನ್ನು ಕಂಡು ನನಗೆ ಕಣ್ಣು ತುಂಬಿತು. ಅಲ್ಲಿಯವರೆಗೆ ನನ್ನ ಜೀವದ ಚಿಂತೆ ನನಗಿತ್ತು. ಆಮೇಲೂ ಇತ್ತು, ಆದರೆ ಮುಂದಿನ ಸೀಟಿನಲ್ಲಿ ಇರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿ ವಿಷಯ ತಿಳಿಸಿ, ಬಟ್ಟೆ ಕೂಡ ಬದಲಿಸದೆ ರುದ್ರಣ್ಣನ ಆಟೋ ಹತ್ತಿದೆ.

ನಾಯಿಯನ್ನು ದೂರ ಬಿಟ್ಟು ಬರುವುದು ನಮ್ಮ ಸೀಮೆಯ ಹಳೆಯ ಪರಿಹಾರ. ನಮ್ಮೂರ ನಾಯಿ ಅವರೂರಿಗೆ, ಅವರೂರದು ನಮ್ಮೂರಿಗೆ. ಸರ್ಕಾರಿ ನೌಕರನಾದ ನನಗೆ ವರ್ಗಾವಣೆಯ ಸಂಕಟ ಗೊತ್ತು. ಆದರೂ ನಮಗೆ ಮಕ್ಕಳುಮರಿ ಕಟ್ಟಿಕೊಂಡು ಹೊರಡಲು ವ್ಯವಧಾನ ಕೊಡುತ್ತಾರೆ. ಗೋಣಿಚೀಲ ಮುಚ್ಚಿ ಒಯ್ಯುವುದಿಲ್ಲ.

ಜಾವಗಲ್ ದಾಟಿ ಹಳೇಬೀಡಿನ ದೇವಸ್ಥಾನ ಕಂಡಾಗ ರುದ್ರಣ್ಣ ಒಂದು ಕೈ ಬಿಟ್ಟು ನಮಸ್ಕಾರ ಹಾಕಿದ. ಅಲ್ಲಿನ ಗೋಡೆಯ ಮೇಲೆ ಭೈರವನ ಪಕ್ಕ ಮೂತಿ ಎತ್ತಿ ನಿಂತ ನಾಯಿಯನ್ನು ನಾನು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ. ಮಂಡ್ಯದ ಕಡೆ ಆತಕೂರಿನಲ್ಲಂತೂ ಹಂದಿಯೊಡನೆ ಕಾದಿ ಸತ್ತ ನಾಯಿಗೆ ಕಲ್ಲನ್ನೇ ನಿಲ್ಲಿಸಿದ್ದಾರೆ. ಇದನ್ನೆಲ್ಲ ರುದ್ರಣ್ಣನಿಗೆ ಹೇಳಿದೆ.

"ಕಲ್ಲು ನಾಯಿ ಬುಡಿ ಮೇಷ್ಟ್ರೇ, ಕಚ್ಚಕಿಲ್ಲ," ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಭೈರಪ್ಪನ ವಾಹನನ ನಾನು ಚೀಲದಾಗೆ ತುಂಬ್ಬಾರ್ದಾಗಿತ್ತು," ಎಂದು ಆಕ್ಸಿಲರೇಟರು ತಿರುವಿದ.

ಹಗರೆಯ ಡೈರಿಯ ಮುಂದೆ ಸಂಜೆಯ ಹಾಲು ಹಾಕಲು ಹೆಂಗಸರು ನಿಂತಿದ್ದರು. ನಾಯಿ ಹುಡುಕಲು ಬಂದೆವು ಎಂದೆ. ಯಾವ ನಾಯಿ ಎಂದರು. ನನ್ನನ್ನು ಕಚ್ಚಿದ ನಾಯಿ ಎಂದೆ. ಒಬ್ಬಾಕೆ ಕ್ಯಾನು ಕೆಳಗಿಟ್ಟು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಕಚ್ಚಿದ್ ನಾಯಿನ ಹುಡ್ಕೊಂಡ್ ಬಂದೋರ್ನ ಇವತ್ತೇ ಕಂಡಿದ್ದು ಕಣಪ್ಪ." ಆಮೇಲೆ ಗಂಭೀರವಾದಳು. "ಕೆಂಚಂದು ತಾನೆ? ಹಾಲು ಉಯ್ದ್ರೂ ಮೂಸ್ಲಿಲ್ಲ. ಮೊಲೆ ತುಂಬಿ ಸೋರ್ತಿತ್ತು. ಎಲ್ಲೋ ಮರಿ ಬುಟ್ಟು ಬಂದೈತೆ ಅಂದ್ಕೊಂಡ್ವಿ. ಹಳೇಬೀಡು ರಸ್ತೆ ಹಿಡ್ಕೊಂಡ್ ಹೋಯ್ತು ನೋಡಿ."

ಆಟೋ ತಿರುಗಿಸಿದೆವು. ಬರುವಾಗ ನಾವು ಮಾತಿನಲ್ಲಿ ಗಮನಿಸಿರಲಿಲ್ಲ, ಅದು ರಸ್ತೆಯಂಚಿನ ಹುಲ್ಲಿನಲ್ಲಿ ಕುಂಟುತ್ತಾ ನಡೆಯುತ್ತಿತ್ತು. ಮುಖ ಅರಸೀಕೆರೆಯ ಕಡೆಗೆ. ದಾರಿ ಯಾರು ಹೇಳಿಕೊಟ್ಟರೋ ತಿಳಿಯದು. ರುದ್ರಣ್ಣನನ್ನು ಕಂಡದ್ದೇ ಹೊಲಕ್ಕೆ ಹಾರಿತು. ಕರೆಯಬೇಕು. ಏನೆಂದು ಕರೆಯಲಿ? ಬೀದಿಯವರಿಟ್ಟ ಒಂದು ಹೆಸರೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಇಷ್ಟು ವರ್ಷ ನಾನು ಅದಕ್ಕೆ ಹೇಳಿದ್ದು "ಹಚಾ" ಒಂದೇ.

ರುದ್ರಣ್ಣನನ್ನು ದೂರ ನಿಲ್ಲಿಸಿ, ನಾನು ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಕಣ್ಣಿಗೆ ಕಣ್ಣಿಟ್ಟು ನೋಡಬಾರದೆಂದು ಕೇಳಿದ್ದೆನಾದ್ದರಿಂದ ನೆಲ ನೋಡುತ್ತಿದ್ದೆ. ಮತ್ತೆ ಕಚ್ಚಿದರೆ ಕಚ್ಚಲಿ, ಹೇಗೂ ಇಂಜೆಕ್ಷನ್ ನಡೆಯುತ್ತಿದೆ ಎಂದು ಸಮಾಧಾನ ಹೇಳಿಕೊಂಡೆ. ಅದು ಒಂದೊಂದೇ ಹೆಜ್ಜೆ ಇಟ್ಟು ಬಂತು. ನನ್ನ ಪ್ಯಾಂಟಿಗೆ ಮೂಗು ತಾಗಿಸಿತು. ಅಲ್ಲಿ ಮರಿಗಳ ವಾಸನೆ ಇತ್ತು. ಮಂಡಿಯಿಂದ ಮಡಿಲಿನ ತನಕ ಮೂಸಿ ಮೂಸಿ, ಗಂಟಲಲ್ಲಿ ಒಂದು ಸಣ್ಣ ದನಿ ತೆಗೆಯಿತು. ಆ ದನಿಯನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಎದ್ದು ಆಟೋ ಹತ್ತಿದೆ. ಅದು ನನ್ನ ಹಿಂದೆಯೇ, ಯಾರೂ ಎತ್ತದೆ, ಹಾರಿ ಹತ್ತಿತು. ಕಾಯಿ ತುಂಬುವ ಜಾಗದಲ್ಲಿ ಇಬ್ಬರೂ ಊರ ತನಕ ಕುಲುಕಾಡಿಕೊಂಡು ಬಂದೆವು.

ಮರಿಗಳನ್ನು ಸೇರಿ ಮಲಗಿದ ಮೇಲೆ ನೋಡೋಣವೆಂದು ಹತ್ತಿರ ಹೋದರೆ ನನಗೇ ಗುರ್ ಎಂದಿತು. ಕೃತಜ್ಞತೆ ಬೇರೆ, ಬಾಣಂತಿಕೋಣೆ ಬೇರೆ. ಆರೋಗ್ಯವಾಗಿದೆ ಎಂದು ಸಂತೋಷಪಟ್ಟು ಹಿಂದೆ ಸರಿದೆ.

ಡಾಕ್ಟರು ಹೇಳಿದ ದಿನಗಳು ಕಳೆದವು. ನಾಯಿ ಗುಂಡುಕಲ್ಲಿನಂತಿತ್ತು, ನಾನೂ ಇದ್ದೆ. ಇನ್ನು ಅದನ್ನು ನೋಡಲೇಬೇಕೆಂಬ ಕಾರಣ ಉಳಿದಿರಲಿಲ್ಲ. ಆದರೂ ಬೋಗುಣಿಯ ನೀರು ತಪ್ಪಲಿಲ್ಲ. ಮರಿಗಳು ಓಡಾಡತೊಡಗಿದ ಮೇಲೆ ಒಂದು ದಿನ ತಾಯಿಯನ್ನೂ ಮರಿಗಳನ್ನೂ ಬಿದಿರ ಮಂಕರಿ ಸಮೇತ ಆಟೋದಲ್ಲಿ ಕೂರಿಸಿ, ನಾನೂ ರುದ್ರಣ್ಣನೂ ಪಶು ಆಸ್ಪತ್ರೆಗೆ ಒಯ್ದೆವು. ತಾಯಿಗೆ ಹುಚ್ಚಿನ ಲಸಿಕೆ ಹಾಕಿದ ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು.

"ಪ್ರತಿ ವರ್ಷ ಹಾಕಿಸಬೇಕು. ಮರಿ ಹಾಲು ಬಿಟ್ಟ ಮೇಲೆ ಆಪರೇಷನ್ನಿಗೂ ಕರ್ಕೊಂಡು ಬರಬೇಕು. ಬೀದಿದು ಅಂತ ಕೈ ತೊಳ್ಕೋಬೇಡಿ. ಯಾರದ್ದು ಈ ನಾಯಿ?"

ನಾನು ರುದ್ರಣ್ಣನ ಮುಖ ನೋಡಿದೆ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ.

"ನಮ್ ಮೇಷ್ಟ್ರದ್ದೇ ಸಾ. ನಂಬ್ಕೆ ಇಲ್ದಿದ್ರೆ ಅವ್ರ ಕಾಲ್ ನೋಡಿ."

ನಾನು ಪ್ಯಾಂಟಿನ ಅಂಚು ಎತ್ತಿ ತೋರಿಸಿದೆ.